ಹೊಸ ಫೋಟೋಗೆ ಹಳೇ ರೀಲಿನ ಕಳೆ

ಗೆಳತಿಯರೇ, ಈಗಿನ ಹುಡುಗಿಯರಿಗೆ ಒಂದು ಹೊಸ ಗೀಳು ಹತ್ತಿದೆ, ನೋಡಿದಿರಾ? ಮೊಬೈಲಿನಲ್ಲಿ ನಿಚ್ಚಳವಾಗಿ ಬಂದ ಫೋಟೋವನ್ನು ಹಳೇ ರೀಲು ಕ್ಯಾಮೆರಾದಲ್ಲಿ ತೆಗೆದದ್ದರ ಹಾಗೆ ಮಾಡುವುದು! ಅದಕ್ಕೆಂದೇ ಆ್ಯಪ್‌ಗಳಿವೆ. ಸ್ನ್ಯಾಪ್‌ಸೀಡ್ ಎಂಬುದು ದುಡ್ಡಿಲ್ಲದೆ ಸಿಗುತ್ತದೆ. ನಗಬೇಡಿ, ಹದವಾಗಿ ಮಾಡಿದರೆ ಚೆನ್ನಾಗಿಯೇ ಇರುತ್ತದೆ.

ಆದರೆ ರೀಲಿನ ಕಳೆ ಅಂದರೆ ಏನು ಅಂತ ಮೊದಲು ತಿಳಿದುಕೊಳ್ಳಬೇಕು. ಕಪ್ಪುಬಿಳುಪು ಫೋಟೋದಲ್ಲಿ ಚಿರೋಟಿ ರವೆ ಉದುರಿಸಿದಂತೆ ಕಾಣುತ್ತದಲ್ಲ, ಅದು ರೀಲಿಗೆ ಬಳಿದಿದ್ದ ಬೆಳ್ಳಿಯ ಲವಣದ ಹರಳುಗಳಿಂದ ಬಂದದ್ದು. ಅದಕ್ಕೇ ಗ್ರೇನ್ ಅನ್ನುವುದು. ಇನ್ನೊಂದು, ಬಿಸಿಲು ಬಿದ್ದ ಬಿಳಿ ಸೀರೆಯಲ್ಲೂ ರೀಲು ನೆರಿಗೆಗಳನ್ನು ಉಳಿಸಿಕೊಳ್ಳುತ್ತಿತ್ತು. ಮೊಬೈಲಿನಲ್ಲಿ ಬೆಳ್ಳಗೆ ಹಾರಿಹೋದ ಸೆರಗಿಗೆ ಯಾವ ಆ್ಯಪೂ ನೆರಿಗೆ ತಂದುಕೊಡದು. ಆದ್ದರಿಂದ ತೆಗೆಯುವಾಗಲೇ ಬೆಳಕನ್ನು ಸ್ವಲ್ಪ ಇಳಿಸಿಕೊಳ್ಳಿ.

ಅಮ್ಮನ ಕಾಲದ ಕಲರ್ ಫೋಟೋಗಳು ಕೆಂಪಗಾಗಿವೆಯಲ್ಲ, ಅದು ಬೇರೆ ಕಥೆ. ಆ ಕಾಲದ ಪ್ರಿಂಟುಗಳಲ್ಲಿ ಸಯಾನ್ ಎಂಬ ನೀಲಿ-ಹಸಿರು ಬಣ್ಣ, ಟ್ರಂಕಿನ ಕತ್ತಲಲ್ಲಿಟ್ಟರೂ ಬೇಗ ಮಾಸುತ್ತಿತ್ತು. ತೆಗೆಸಿದ ದಿನ ಅವೂ ಲಕ್ಷಣವಾಗಿಯೇ ಇದ್ದವು! ಮಾಸಿದ್ದನ್ನೇ ಚೆಂದವೆಂದು ಹೊಸ ಫೋಟೋಗೆ ಬಳಿಯುವುದು ನನಗಂತೂ ಒಗ್ಗದು.

ಮುಖ್ಯವಾಗಿ ಹೇಳಬೇಕಾದದ್ದು ಮುಖದ ವಿಷಯ. ನಮ್ಮ ನಾದಿನಿಯ ಮಗಳದು ಕಪ್ಪು ಮೈಬಣ್ಣ, ಬಲು ಲಕ್ಷಣದ ಹುಡುಗಿ. ಅವಳ ಸೀಮಂತದ ಫೋಟೋಗಳಿಗೆ ಯಾರೋ ಉತ್ಸಾಹದಿಂದ ಈ ಫಿಲ್ಟರ್ ಹಾಕಿ ಮನೆಮಂದಿಗೆಲ್ಲ ಕಳಿಸಿದರು. ಹಸಿರು ಬಳೆ ಕಂದಾಗಿತ್ತು, ಮುಖದಲ್ಲಿ ಹಲ್ಲೊಂದು ಬಿಟ್ಟರೆ ಏನೂ ಕಾಣದು. "ನಾನು ಇಷ್ಟೊಂದು ಕಪ್ಪಾ ಅತ್ತೆ?" ಅಂದಳು. ಏಳು ತಿಂಗಳ ಬಸುರಿ ಕೇಳುವ ಮಾತೇ ಅದು?

"ಇಲ್ಲ ಕಣೇ, ತಪ್ಪು ನಿನ್ನ ಮುಖದ್ದಲ್ಲ" ಅಂದೆ. ಸುಮ್ಮನೆ ಸಮಾಧಾನಕ್ಕೆ ಹೇಳಿದ್ದಲ್ಲ. ಅಮೆರಿಕದ ಕೊಡಾಕ್ ಕಂಪನಿ ಪ್ರಿಂಟ್ ಹಾಕುವವರಿಗೆ ಬಣ್ಣದ ಅಳತೆಗೆಂದು ಒಬ್ಬ ಬಿಳಿ ಹೆಂಗಸಿನ ಚಿತ್ರದ ಕಾರ್ಡು ಕಳಿಸುತ್ತಿತ್ತು. 'ಶರ್ಲಿ ಕಾರ್ಡ್' ಅಂತಲೇ ಅದಕ್ಕೆ ಹೆಸರು. ದಶಕಗಟ್ಟಲೆ ಆ ಚರ್ಮಕ್ಕೆ ಸರಿಹೊಂದಿದರೆ ಎಲ್ಲರಿಗೂ ಸರಿ ಅನ್ನುವ ಲೆಕ್ಕ. ಕಪ್ಪು ಮುಖದ ಕಣ್ಣು ಮೂಗು ನೆರಳಲ್ಲಿ ಮುಳುಗುತ್ತಿದ್ದವು. ಈಗ ನೆರಳನ್ನು ಇನ್ನಷ್ಟು ಗಾಢ ಮಾಡುವ ಫಿಲ್ಟರನ್ನು ಪೂರ್ತಿ ಎಳೆದರೆ ಅದೇ ಪಾಡು.

ಉಪಾಯ ಸುಲಭ. ಸ್ನ್ಯಾಪ್‌ಸೀಡಿನಲ್ಲಿ ಗ್ರೇನಿ ಫಿಲ್ಮ್ ಆರಿಸಿ, ಗ್ರೇನನ್ನೂ ಫಿಲ್ಟರಿನ ಜೋರನ್ನೂ ಒಗ್ಗರಣೆಗೆ ಇಂಗು ಹಾಕುವಷ್ಟಕ್ಕೇ ನಿಲ್ಲಿಸಿ. ಆಮೇಲೆ ಸೆಲೆಕ್ಟಿವ್ ಎಂಬುದನ್ನು ತೆರೆದು, ಮುಖದ ಮೇಲೆ ಬೆರಳಿಟ್ಟು, ಅಲ್ಲಿಯಷ್ಟೇ ಬೆಳಕು ಏರಿಸಿ. ಬೆಳ್ಳಗೆ ಮಾಡಲು ಹೋಗಬೇಡಿ ಮತ್ತೆ! ಕಣ್ಣಿನ ಕಾಡಿಗೆ, ಮೂಗುತಿ, ಕೆನ್ನೆಯ ಅರಿಸಿನ ಕಂಡರೆ ಸಾಕು. ನಾವಿಬ್ಬರೂ ಕೂತು ಹೀಗೆ ಮಾಡಿದ ಮೇಲೆ ಬಳೆಯ ಹಸಿರೂ ಉಳಿಯಿತು, ಹುಡುಗಿಯ ನಗುವೂ ಕಂಡಿತು.

ಅಸಲು ಫೋಟೋ ಮಾತ್ರ ಹಾಗೇ ಇರಲಿ, ಪ್ರತಿಯ ಮೇಲಷ್ಟೇ ಕೈಯಾಡಿಸಿ. ವಾಟ್ಸಾಪಿನಲ್ಲಿ ಬಂದದ್ದಕ್ಕಿಂತ, ತೆಗೆದವರ ಮೊಬೈಲಿನಿಂದಲೇ ನೇರವಾಗಿ ಪಡೆದುಕೊಂಡದ್ದು ಪ್ರಿಂಟಿಗೆ ವಾಸಿ. ಸಣ್ಣ ಪರದೆಯಲ್ಲಿ ಹದವಾಗಿ ಕಂಡ ಗ್ರೇನ್, ದೊಡ್ಡದು ಮಾಡಿಸಿದಾಗ ಮುಖದ ತುಂಬ ಬನ್ಸಿ ರವೆ ಎರಚಿದಂತೆ ಕಾಣುವುದುಂಟು. ಸ್ಟುಡಿಯೋದಲ್ಲಿ ಮೊದಲು ಒಂದೇ ಒಂದು ಪ್ರಿಂಟ್ ಹಾಕಿಸಿ ನೋಡಿ, ಉಳಿದದ್ದು ಆಮೇಲೆ.