ಆಯ್ದಕ್ಕಿಯ ಪಾಠ



ಕಳೆದ ಸುಗ್ಗಿಯಲ್ಲಿ ಮಾನ್ವಿ ತಾಲ್ಲೂಕಿನ ಕುರ್ಡಿಗೆ ಪ್ರವಚನಕ್ಕೆಂದು ಹೋಗಿದ್ದ ನಮಗೆ ಆ ಸೀಮೆಯ ಒಂದು ಅಕ್ಕಿ ಗಿರಣಿಯನ್ನು ನೋಡುವ ಪ್ರಸಂಗ ಒದಗಿತು. ಹರಿದ ಚೀಲಗಳಿಂದ ಅಂಗಳಕ್ಕೆ ಸುರಿದ ನೆಲ್ಲಿನ ಮೇಲೆ ಲಾರಿಯ ಗಾಲಿಗಳು ಹಾಯುತ್ತಿದ್ದವು. ಅದನ್ನು ತೋರಿಸಿದಾಗ ಮಾಲೀಕರು, "ಇಷ್ಟು ದೊಡ್ಡ ಧಂದೆದಾಗ ನಾಕು ಕಾಳು ಬೀಳ್ತಾವ್ರಿ, ಶಾಸ್ತ್ರಿಗಳೇ" ಎಂದು ನಕ್ಕರು. ನಮಗೆ ನಗು ಬರಲಿಲ್ಲ. ಇದೇ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ ಮಾರಯ್ಯ ಶರಣರು, ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸಿದವರಲ್ಲವೇ?

ಗಿರಣಿಯ ನಷ್ಟವು ಕಣ್ಣಿಗೆ ಬೀಳುವ ಆ ನಾಲ್ಕು ಕಾಳಿನಲ್ಲಿ ಮುಗಿಯುವುದಿಲ್ಲ. ನೂರು ಕಿಲೋ ನೆಲ್ಲಿನಲ್ಲಿ ಸುಮಾರು 20 ಕಿಲೋ ಹೊಟ್ಟು, 8 ಕಿಲೋದಷ್ಟು ತೌಡು. ಉಳಿದದ್ದರಲ್ಲಿ ಬಹುಪಾಲು ಅಕ್ಕಿ. ಆ ಅಕ್ಕಿ ಇಡಿಯಾಗಿ ಬರುವುದೋ ನುಚ್ಚಾಗುವುದೋ ಎಂಬುದು ಯಂತ್ರಕ್ಕೆ ಹಾಕುವ ಮೊದಲೇ ಅರ್ಧ ನಿರ್ಧಾರವಾಗಿರುತ್ತದೆ. ಕಡುಬಿಸಿಲಿನಲ್ಲಿ ಒಮ್ಮೆಲೇ ಒಣಗಿ ರಾತ್ರಿಯ ಇಬ್ಬನಿಗೆ ಮತ್ತೆ ನೆನೆದ ಕಾಳು ಒಳಗೇ ಬಿರಿಯುತ್ತದೆ. ಹಸಿಯಾಗಿ ರಾಶಿ ಹಾಕಿದ್ದು ಕಾವೇರಿ ಮುಗ್ಗುತ್ತದೆ. ತೇವವು ನೂರಕ್ಕೆ 14ರ ಆಸುಪಾಸಿಗೆ ಬರುವಂತೆ ನಿಧಾನವಾಗಿ ಒಣಗಿಸಿ, ರಾತ್ರಿ ಮುಚ್ಚಿಟ್ಟರೆ ನುಚ್ಚು ತಾನೇ ತಗ್ಗುತ್ತದೆ.

ತೌಡಿನ ಮಾತೂ ಹಾಗೆಯೇ. ಅದರಲ್ಲಿ ತಿನ್ನಲು ಯೋಗ್ಯವಾದ ಎಣ್ಣೆಯುಂಟು. ಆದರೆ ಅಕ್ಕಿಯಿಂದ ಬೇರ್ಪಟ್ಟ ಗಳಿಗೆಯಿಂದಲೇ ಅದು ಕೆಡತೊಡಗುತ್ತದೆ. ತಡಮಾಡದೆ ಬಿಸಿಯಲ್ಲಿ ಹದಗೊಳಿಸಿದರೆ ಅಥವಾ ಎಣ್ಣೆ ತೆಗೆಯುವಲ್ಲಿಗೆ ಕಳುಹಿಸಿದರೆ ಮನುಷ್ಯರ ಆಹಾರ. ಮೂಲೆಯಲ್ಲಿ ಬಿಟ್ಟರೆ ಕಮಟು. ಹೊಟ್ಟು ಸಹ ನೆಲ್ಲು ಕುದಿಸುವ ಒಲೆಗೆ ಉರುವಲಾಗುತ್ತದೆ. ಕಾಲಕ್ಕೆ ಸರಿಯಾಗಿ ಕೈಗೆತ್ತಿಕೊಂಡರೆ ಗಿರಣಿಯಲ್ಲಿ ಕಸವೆಂಬುದೇ ಅತ್ಯಲ್ಪ.

ಇಷ್ಟಾದರೂ ಮಾರಯ್ಯನವರ ಪಾಠ ಅರ್ಧ ಮಾತ್ರ. ಉಳಿದರ್ಧ ಲಕ್ಕಮ್ಮ ತಾಯಿಯದು. ಪತಿ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಆಕೆ ಹೇಳಿದ ಕಥೆ ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಒಣಗಿಸುವ ಕಣ, ಕಾಯುವ ಗೋದಾಮು ಇರುವಷ್ಟಕ್ಕಿಂತ ಹೆಚ್ಚು ನೆಲ್ಲನ್ನು ಆಸೆಯಿಂದ ತುಂಬಿಕೊಂಡ ಗಿರಣಿಯಲ್ಲಿಯೇ ಕಾಳು ಮಳೆಗೆ ಸಿಕ್ಕುತ್ತದೆ. ರೊಟ್ಟಿ ಮಾಡಿ ಮಾರುವ ನಮ್ಮ ತಾಯಂದಿರಿಗೂ ಖಾನಾವಳಿ ನಡೆಸುವವರಿಗೂ ಇದೇ ನೀತಿ: ಇಂದು ಎಷ್ಟು ಮಾರಿತು, ಎಷ್ಟು ಉಳಿಯಿತು ಎಂದು ಬರೆದಿಟ್ಟು ನಾಳೆಯ ಹಿಟ್ಟನ್ನು ಅಳೆಯಬೇಕು. ಬಿದ್ದುದನ್ನು ಆಯುವುದು ಕಾಯಕ. ಬೀಳದಂತೆ ನೋಡಿಕೊಳ್ಳುವುದು ಅದಕ್ಕೂ ಮಿಗಿಲಾದ ಕಾಯಕ.

ವಿಶ್ವಸಂಸ್ಥೆಯ ಲೆಕ್ಕದಂತೆ 2022ರಲ್ಲಿ ಜಗತ್ತಿನ ಮನೆ, ಅಂಗಡಿ, ಹೋಟೆಲುಗಳಲ್ಲಿ ಸುಮಾರು 105 ಕೋಟಿ ಟನ್ ಆಹಾರ ಪೋಲಾಯಿತು. ಅದರಲ್ಲಿ ನೂರಕ್ಕೆ 60 ಪಾಲು ಮನೆಗಳದ್ದೇ. ಆದ್ದರಿಂದ ಗಿರಣಿಯವರನ್ನು ಮಾತ್ರ ದೂರುವ ಅಧಿಕಾರ ನಮಗಿಲ್ಲ. ಅಷ್ಟಾವರಣಗಳಲ್ಲಿ ಪ್ರಸಾದವನ್ನು ಸೇರಿಸಿಕೊಂಡ ಸಮಾಜ ನಮ್ಮದು. ಎಡೆಗೆ ಬಂದ ಮೇಲೆ ಪ್ರಸಾದವೆಂದು ಕಣ್ಣಿಗೊತ್ತಿಕೊಳ್ಳುವ ಅನ್ನವನ್ನು, ಬರುವ ದಾರಿಯಲ್ಲಿ ತುಳಿಯುವುದು ಯಾವ ಭಕ್ತಿ?

ಹೊರಡುವಾಗ ಆ ಮಾಲೀಕರು ಹಮಾಲರನ್ನು ಕರೆದು ಅಂಗಳ ಗುಡಿಸಿಸಿದರು. ಒಂದೂವರೆ ಚೀಲ ನೆಲ್ಲು ಕೂಡಿತು. ಅವರು ಮಾತಾಡಲಿಲ್ಲ, ನಾವೂ ಆಡಲಿಲ್ಲ.