ಗಿರಿಗೆ ಬುಕ್ಕಿಂಗ್ ಬಂತು, ಪೇಟೆಗೆ ವ್ಯಾಪಾರ ಬರೋದು ಹೇಗೆ?

ಚಿಕ್ಕಮಗಳೂರು: ಶನಿವಾರ, ಭಾನುವಾರ ಬಂತೆಂದರೆ ಕೈಮರ ಚೆಕ್‌ಪೋಸ್ಟ್ ಮುಂದೆ ಗಾಡಿಗಳ ಸಾಲು. ಚಂದ್ರದ್ರೋಣ ಗಿರಿಶ್ರೇಣಿಗೆ ಹೋಗುವ ಪ್ರವಾಸಿಗರಿಗೆ 2025ರ ಸೆಪ್ಟೆಂಬರ್‌ನಿಂದ ಆನ್‌ಲೈನ್ ಬುಕ್ಕಿಂಗ್ ಕಡ್ಡಾಯ. ಬೆಳಗ್ಗೆ ಒಂದು ಪಾಳಿ, ಮಧ್ಯಾಹ್ನ ಒಂದು ಪಾಳಿ, ಪಾಳಿಗೆ ಇಷ್ಟೇ ಗಾಡಿ ಎಂಬ ಲೆಕ್ಕ. ಒಂದು ಪಾಳಿಯವರು ಇಳಿದ ಮೇಲೆ ಇನ್ನೊಂದು ಪಾಳಿಯವರು ಹತ್ತಬೇಕು.

ಕಿರಿದಾದ ಘಾಟಿ ರಸ್ತೆಗೆ ಮಿತಿ ಬೇಕೇ ಬೇಕಿತ್ತು, ಅದರಲ್ಲಿ ತಕರಾರಿಲ್ಲ. ಗಾಡಿ ಕಮ್ಮಿಯಾದರೆ ವ್ಯಾಪಾರವೂ ಕಮ್ಮಿಯಾಗುತ್ತಾ ಅನ್ನೋದು ಅಂಗಡಿಯವರ, ಟ್ಯಾಕ್ಸಿಯವರ, ಹೋಮ್‌ಸ್ಟೇಯವರ ಚಿಂತೆ. ಇದಕ್ಕೆ ಉತ್ತರ ಎಷ್ಟು ಗಾಡಿ ಬಂತು ಅನ್ನೋದಕ್ಕಿಂತ, ಬಂದ ಕುಟುಂಬ ಎಷ್ಟು ಹೊತ್ತು ಇಲ್ಲಿ ಉಳೀತು ಅನ್ನೋದರಲ್ಲಿದೆ.

ಮೂರು ಗಂಟೆಯ ಪ್ರವಾಸ

ಈಗ ಆಗುತ್ತಿರುವುದು ಹೀಗೆ. ಕಾರು ಸೀದಾ ಮೇಲೆ ಹೋಗುತ್ತದೆ. ಕುಟುಂಬ ಮೆಟ್ಟಿಲು ಹತ್ತಿ ದೇವರಿಗೆ ಕೈ ಮುಗಿದು, ಫೋಟೊ ತೆಗೆದು ಕೆಳಗಿಳಿಯುತ್ತದೆ. ನೀರು, ಚಿಪ್ಸ್ ಎಲ್ಲಾ ಊರಿಂದಲೇ ತಂದಿರುತ್ತಾರೆ. ಪೇಟೆಗೆ ಸಿಗುವುದು ಒಂದು ಕಾಫಿ, ಹೆಚ್ಚೆಂದರೆ ಒಂದು ಊಟ. ಗಿರಿಯಲ್ಲಿ ಉಳಿಯುವುದು ಖಾಲಿ ಬಾಟಲಿ.

ಅದೇ ಗಿರಿಗೆ ನಡೆದುಕೊಂಡು ಹೋಗುವ ಹಳೇ ದಾರಿಯೂ ಇದೆ, ಸರ್ಪದಾರಿ. ರಸ್ತೆ ಬದಿಯಿಂದ ಹೊರಟು ಹುಲ್ಲುಗಾವಲಿನ ಏಣಿನ ಮೇಲೆ ಹಾವಿನಂತೆ ಬಳುಕುತ್ತಾ ಮುಳ್ಳಯ್ಯನಗಿರಿಯ ನೆತ್ತಿ ಸೇರುತ್ತದೆ. ಸುಮಾರು ಮೂರ್ನಾಲ್ಕು ಕಿಲೋಮೀಟರ್. ನೆತ್ತಿಯ ಎತ್ತರ ಸುಮಾರು 1,930 ಮೀಟರ್, ರಾಜ್ಯದಲ್ಲೇ ಇದಕ್ಕಿಂತ ಎತ್ತರದ ಶಿಖರವಿಲ್ಲ. ಒಂದು ಕಡೆ ಕಣಿವೆ, ಇನ್ನೊಂದು ಕಡೆ ಇಳಿಜಾರು, ದಾರಿಯುದ್ದಕ್ಕೂ ಗಾಳಿ. ಎಂಟ್ಹತ್ತು ವರ್ಷ ದಾಟಿದ ಮಕ್ಕಳನ್ನು ಕರೆದುಕೊಂಡು ಅಪ್ಪ ಅಮ್ಮ ನಿಧಾನಕ್ಕೆ ಹತ್ತಬಹುದಾದ ದಾರಿ.

ಹೀಗೆ ನಡೆಯುವ ಕುಟುಂಬಕ್ಕೆ ಅರ್ಧ ದಿನ ಸಾಲುವುದಿಲ್ಲ. ಬೆಳಗ್ಗೆ ಬೇಗ ಹೊರಡಬೇಕು, ಅಂದರೆ ಹಿಂದಿನ ರಾತ್ರಿ ಇಲ್ಲೇ ಉಳಿಯಬೇಕು. ಬುತ್ತಿ ಕಟ್ಟಿಸಿಕೊಳ್ಳಬೇಕು. ಟೋಪಿ, ರೈನ್‌ಕೋಟ್, ಹಿಡಿತ ಇರುವ ಶೂ ಬೇಕು. ಇಳಿದು ಬಂದ ಮೇಲೆ ಹೊಟ್ಟೆ ತುಂಬ ಊಟ, ಹೊರಡುವ ಮುಂಚೆ ಕಾಫಿಪುಡಿ, ಮೆಣಸು, ಜೇನು. ಎಂ.ಜಿ. ರಸ್ತೆ, ಐ.ಜಿ. ರಸ್ತೆಯ ಅಂಗಡಿಗಳಿಗೆ ಬೇಕಾಗಿರುವುದು ಇಂಥ ಗಿರಾಕಿ.

ಪಾಳಿ ಲೆಕ್ಕ ನಡೆಯುವವರಿಗೆ ಕೂಡುವುದಿಲ್ಲ

ತೊಡಕು ಇರುವುದು ಇಲ್ಲೇ. ಅರ್ಧ ದಿನದ ಪಾಳಿ ಕಾರಿನವರ ಅಳತೆಗೆ ಹೊಲಿದ ಅಂಗಿ. ಮಕ್ಕಳ ಜೊತೆ ಹತ್ತಲು ಎರಡರಿಂದ ಎರಡೂವರೆ ಗಂಟೆ, ಮೇಲೆ ಒಂದು ಗಂಟೆ, ಇಳಿಯಲು ಒಂದೂವರೆ ಗಂಟೆ. ಅಲ್ಲಿಗೇ ಐದು ಗಂಟೆಯಾಯಿತು. ಚೆಕ್‌ಪೋಸ್ಟ್ ಸಾಲಿನಲ್ಲಿ ಒಂದು ಗಂಟೆ ಹೋದರೆ ಬೆಳಗಿನ ಪಾಳಿ ಕೈತಪ್ಪಿತು. ಮಧ್ಯಾಹ್ನದ ಪಾಳಿಯಲ್ಲಿ ಹೊರಟರೆ ಇಳಿಯುವಾಗ ಕತ್ತಲು, ಮಂಜು. ಗಡಿಬಿಡಿಯಲ್ಲಿ ಇಳಿಯುವವರೇ ಜಾರಿ ಬೀಳುವುದು.

ದಾರಿ ಇಲ್ಲದಿಲ್ಲ. ಸ್ಥಳೀಯ ಟ್ಯಾಕ್ಸಿ ಕುಟುಂಬವನ್ನು ಸರ್ಪದಾರಿಯ ಬುಡದಲ್ಲಿ ಇಳಿಸಿ, ಮೂರ್ನಾಲ್ಕು ಗಂಟೆ ಬಿಟ್ಟು ಮೇಲಿನ ಪಾರ್ಕಿಂಗ್‌ನಿಂದ ಕರೆತರಬಹುದು. ಕುಟುಂಬಕ್ಕೆ ಹತ್ತುವ ಶ್ರಮ ಮಾತ್ರ, ಇಳಿಜಾರಿನ ಅಪಾಯ ತಪ್ಪಿತು. ಟ್ಯಾಕ್ಸಿ ಅಲ್ಲೇ ನಿಂತು ಜಾಗ ಹಿಡಿಯುವುದಿಲ್ಲ, ನಡುವೆ ಇನ್ನೊಂದು ಟ್ರಿಪ್ ಹೊಡೆಯುತ್ತದೆ. ಹೊರಗಿನ ಕಾರು ಪೇಟೆಯಲ್ಲೇ ನಿಂತಿರುತ್ತದೆ. ಇದಕ್ಕೆ ಬೇಕಿರುವುದು ಬುಕ್ಕಿಂಗ್‌ನಲ್ಲಿ ನಡೆಯುವವರಿಗೆ ಪ್ರತ್ಯೇಕ ವಿಭಾಗ, ಮತ್ತು ಬೋರ್ಡ್ ಮೇಲೆ ಬರೆದ ನಿಗದಿತ ಬಾಡಿಗೆ.

ನಡೆಯುವವರಿಗೂ ಮಿತಿ ಬೇಕು

ಎಲ್ಲರೂ ನಡೆಯಲಿ ಅಂದುಬಿಟ್ಟರೆ ಇನ್ನೊಂದು ಅನಾಹುತ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರ ಪರ್ವತದಲ್ಲಿ ಸಾವಿರಾರು ಜನ ಸಾಲುಗಟ್ಟಿದ ಚಿತ್ರ ಎಲ್ಲರೂ ನೋಡಿದ್ದಾರೆ. ಅದಾದ ಮೇಲೆ ಆನ್‌ಲೈನ್ ಬುಕ್ಕಿಂಗ್ ಇಲ್ಲದ ಚಾರಣಗಳನ್ನು ಅರಣ್ಯ ಇಲಾಖೆ ತಾತ್ಕಾಲಿಕವಾಗಿ ನಿಲ್ಲಿಸಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ 'ಅರಣ್ಯ ವಿಹಾರ' ತಾಣ ಶುರುವಾಗಿ, ಒಂದು ಚಾರಣಪಥಕ್ಕೆ ದಿನಕ್ಕೆ 300 ಜನ ಎಂಬ ಮಿತಿ ಬಂತು.

ಗಿರಿಯ ಹುಲ್ಲುಗಾವಲು ನೋಡಲು ಬರೀ ಹುಲ್ಲು. ಆದರೆ ಹುಲ್ಲು ಮತ್ತು ಶೋಲಾ ಕಾಡು ಸೇರಿ ಮಳೆನೀರನ್ನು ಹಿಡಿದಿಟ್ಟು ನಿಧಾನಕ್ಕೆ ಬಿಡುತ್ತವೆ. ಯಗಚಿ ಹುಟ್ಟುವುದು ಈ ಶ್ರೇಣಿಯಲ್ಲೇ. ವೇದಾ, ಅವತಿ ಹೊಳೆಗಳೂ ಇಲ್ಲೇ ಹುಟ್ಟಿ, ಅಯ್ಯನಕೆರೆ, ಮದಗದಕೆರೆಗಳಿಗೆ ನೀರು ಕೊಟ್ಟು, ಕಡೂರಿನ ಬಳಿ ಸೇರಿ ವೇದಾವತಿಯಾಗುತ್ತವೆ. ಮೇಲೆ ನೂರಾರು ಜನ ದಾರಿ ಬಿಟ್ಟು ಫೋಟೊಗಾಗಿ ಹುಲ್ಲು ತುಳಿದರೆ ಮಣ್ಣು ಕೊಚ್ಚಿಹೋಗುತ್ತದೆ. ಅದರ ಬಿಸಿ ತಟ್ಟುವುದು ಬಯಲುಸೀಮೆಯ ತೆಂಗು, ಅಡಿಕೆ ಬೆಳೆಗಾರನಿಗೆ.

ನೀಲಗಿರಿ ಏನು ಮಾಡಿತು?

ಮದ್ರಾಸ್ ಹೈಕೋರ್ಟ್ ಆದೇಶದಂತೆ ಊಟಿ, ಕೊಡೈಕೆನಾಲ್‌ಗೆ 2024ರ ಮೇ 7ರಿಂದ ಇ-ಪಾಸ್ ಬಂತು. 2025ರ ಏಪ್ರಿಲ್‌ನಿಂದ ನೀಲಗಿರಿಗೆ ವಾರದ ದಿನ 6,000, ವಾರಾಂತ್ಯ 8,000 ವಾಹನಗಳ ಮಿತಿ ಹಾಕಲಾಯಿತು. ಸ್ಥಳೀಯ ನೋಂದಣಿಯ ಗಾಡಿಗಳಿಗೆ ವಿನಾಯಿತಿ ಕೊಟ್ಟರು. ಅಲ್ಲಿನ ವ್ಯಾಪಾರಿಗಳೂ ಅಂಗಡಿ ಬಂದ್ ಮಾಡಿ ಪ್ರತಿಭಟಿಸಿದ್ದರು.

ಅಲ್ಲಿಂದ ಕಲಿಯಬೇಕಾದ ಇನ್ನೊಂದು ಪಾಠ ಬಾಟಲಿಯದು. 2022ರಲ್ಲಿ ನೀಲಗಿರಿಯ ಸರ್ಕಾರಿ ಮದ್ಯದಂಗಡಿಗಳಲ್ಲಿ ಬಾಟಲಿಗೆ 10 ರೂಪಾಯಿ ಹೆಚ್ಚು ಪಡೆದು, ಖಾಲಿ ಬಾಟಲಿ ತಂದುಕೊಟ್ಟರೆ ವಾಪಸ್ ಕೊಡುವ ಪದ್ಧತಿ ಜಾರಿಯಾಯಿತು. ಇಲ್ಲಿಗೂ ಇದು ಹೊಂದುತ್ತದೆ. ದೇಶದಲ್ಲಿ 2022ರ ಜುಲೈ 1ರಿಂದ ನಿಷೇಧವಾದ ಏಕಬಳಕೆ ಪ್ಲಾಸ್ಟಿಕ್ ಪಟ್ಟಿಯಲ್ಲಿ ತಟ್ಟೆ, ಲೋಟ, ಸ್ಟ್ರಾಗಳಿವೆ. ನೀರಿನ ಬಾಟಲಿ, ಚಿಪ್ಸ್ ಪೊಟ್ಟಣ ಅದರಲ್ಲಿಲ್ಲ. ಗಿರಿಯಲ್ಲಿ ಬೀಳುತ್ತಿರುವುದು ಅವೇ. ಚೆಕ್‌ಪೋಸ್ಟ್‌ನಲ್ಲಿ ಬಾಟಲಿ ಎಣಿಸಿ ಠೇವಣಿ ಪಡೆದರೆ, ವಾಪಸ್ ತರುವುದನ್ನು ಯಾರೂ ಮರೆಯುವುದಿಲ್ಲ.

ಹೊರಡುವವರು ಗಮನಿಸಬೇಕಾದ್ದು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಗಾಳಿ, ಇಂಬಳ. ಆ ತಿಂಗಳುಗಳಲ್ಲಿ ಮಕ್ಕಳನ್ನು ಸರ್ಪದಾರಿಗೆ ಕರೆದೊಯ್ಯದಿರುವುದೇ ಜಾಣತನ. ಏಪ್ರಿಲ್, ಮೇನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಸಿಡಿಲು. ಬೋಳು ಏಣಿನ ಮೇಲೆ ಮರೆಗೆ ಒಂದು ಮರವೂ ಇಲ್ಲ. ನವೆಂಬರ್‌ನಿಂದ ಫೆಬ್ರುವರಿ ಒಳ್ಳೆಯ ಕಾಲ. ಆದರೆ ದತ್ತ ಜಯಂತಿ ವೇಳೆ ಕೆಲವು ದಿನ ಪ್ರವಾಸಿಗರಿಗೆ ಪ್ರವೇಶ ಇರುವುದಿಲ್ಲ. ಪೇಟೆಗಿಂತ ನೆತ್ತಿಯಲ್ಲಿ ಐದು ಡಿಗ್ರಿಯಷ್ಟು ಚಳಿ ಜಾಸ್ತಿ, ಸ್ವೆಟರ್ ಬೇಕು. ಒಬ್ಬರಿಗೆ ಎರಡು ಲೀಟರ್ ನೀರು ಕೆಳಗಿನಿಂದಲೇ ಹೊರಬೇಕು. ಬೇಸಿಗೆಯಲ್ಲಿ ಒಂದು ಬೀಡಿ ಕಿಡಿ ಇಡೀ ಗುಡ್ಡ ಸುಡಬಲ್ಲದು.

ಇನ್ನು ಆಡಳಿತ ಮಾಡಬೇಕಾದ್ದೂ ದೊಡ್ಡ ಕೋಟಿಗಳ ಕೆಲಸವಲ್ಲ. ಸರ್ಪದಾರಿಯ ಬುಡದಲ್ಲಿ ಶೌಚಾಲಯ, ಕುಡಿಯುವ ನೀರಿನ ನಲ್ಲಿ, ಹತ್ತುವವರ ಹೆಸರು ಬರೆದು ಮೇಲೆ ತಲುಪಿದ್ದನ್ನು ಖಚಿತಪಡಿಸಿಕೊಳ್ಳುವ ಒಬ್ಬ ಸಿಬ್ಬಂದಿ. ಕಡಿದಾದ ತಿರುವುಗಳಲ್ಲಿ ಫಲಕ. ಗಿರಿ ತಪ್ಪಲಿನ ಹುಡುಗರಿಗೆ ಗೈಡ್ ತರಬೇತಿ. ವರ್ತಕರು ಕೇಳಬೇಕಾದ್ದು ಕೂಡ ಇದನ್ನೇ. ಪಾಳಿಗೆ ಇನ್ನೂ ನೂರು ಗಾಡಿ ಬಿಡಿ ಅಂತ ಅರ್ಜಿ ಕೊಟ್ಟರೆ ಜಾಮ್ ಹೆಚ್ಚುತ್ತದೆ, ಗಲ್ಲಾ ಪೆಟ್ಟಿಗೆ ಹಾಗೇ ಇರುತ್ತದೆ.