ಉಣಿಸುವುದೂ ಕಲಿಸುವುದೇ



ನಿವೃತ್ತ ಶಿಕ್ಷಕನಿಗೆ ದೊರೆಯುವ ಸುಖಗಳಲ್ಲಿ ಹಳೆಯ ವಿದ್ಯಾರ್ಥಿಗಳು ನೆನಪಿಟ್ಟು ಕಳುಹಿಸುವ ಪತ್ರಗಳೂ ಚಿತ್ರಗಳೂ ಮುಖ್ಯವಾದವು. ಹಿಂದೆ ಹಬ್ಬಕ್ಕೊಂದು ಅಂಚೆ ಕಾರ್ಡು ಬರುತ್ತಿತ್ತು. ಈಗ ದಿನಕ್ಕೊಂದು ಚಿತ್ರ ಮೊಬೈಲಿಗೆ ಬರುತ್ತದೆ. ಅವುಗಳಲ್ಲಿ ಒಂದು ಬಗೆಯ ಚಿತ್ರ ಇತ್ತೀಚೆಗೆ ಹೆಚ್ಚಾಗಿದೆ. ಕಂಪೌಂಡಿನ ಗೋಡೆಯ ಮೇಲೆ ಕುಳಿತ ಮಂಗ, ಅದರತ್ತ ಬಾಳೆಹಣ್ಣು ಚಾಚಿದ ಪುಟ್ಟ ಕೈ, ಕೆಳಗೆ ‘ನಮ್ಮ ಮನೆಯ ಅತಿಥಿ’ ಎಂಬ ಒಕ್ಕಣೆ. ಕಳುಹಿಸಿದವರ ಪ್ರೀತಿಯನ್ನು ನಾನು ಅರಿಯದವನಲ್ಲ. ಆದರೂ ಈ ವಿಷಯದಲ್ಲಿ ನನ್ನ ಅಭಿಪ್ರಾಯವನ್ನು ಒಮ್ಮೆ ಸ್ಪಷ್ಟವಾಗಿ ಬರೆದಿಡಬೇಕೆನಿಸಿದೆ. ಹಿತ್ತಲಿಗೆ ಬರುವ ಕಾಡುಪ್ರಾಣಿಗೆ ನಾವು ಕೈಯಾರೆ ಉಣಿಸಬಾರದು. ಚಿತ್ರ ತೆಗೆಯುವ ಆಸೆಗಾಗಿ ತಿನಿಸಿನ ಆಮಿಷವನ್ನಂತೂ ಒಡ್ಡಲೇಬಾರದು. ಏಕೆಂಬುದನ್ನು ಮುಂದೆ ವಿವರಿಸುತ್ತೇನೆ.

ನಮ್ಮ ಬೆಂಗೇರಿಯನ್ನು ಹೊರಗಿನವರು ಖಾದಿಯ ರಾಷ್ಟ್ರಧ್ವಜ ತಯಾರಾಗುವ ಊರೆಂದು ಬಲ್ಲರು. ಹುಬ್ಬಳ್ಳಿಯವರು ಸಂತೆಯ ಊರೆಂದು ಬಲ್ಲರು. ಎರೆಹೊಲಗಳಿದ್ದ ಕಡೆಯೆಲ್ಲ ಇಂದು ಬಡಾವಣೆಗಳಾಗಿವೆ. ಆದರೂ ಹಿತ್ತಲಲ್ಲಿ ಒಂದು ಪೇರಲ ಗಿಡ, ಒಂದು ಕರಿಬೇವು, ನಾಲ್ಕು ದಾಸವಾಳ ಇದ್ದರೆ ಸಾಕು, ಬರುವವರಿಗೆ ಕೊರತೆಯಿಲ್ಲ. ಬೆಳಿಗ್ಗೆ ಪಿಕಳಾರ ಹಕ್ಕಿಗಳು ಬರುತ್ತವೆ, ದಾಸವಾಳಕ್ಕೆ ಸೂರಕ್ಕಿ ಬರುತ್ತದೆ, ಗೋಡೆಯಂಚಿನಲ್ಲಿ ಮುಂಗುಸಿ ಸುಳಿಯುತ್ತದೆ, ಅಳಿಲಿಗಂತೂ ಹೊತ್ತುಗೊತ್ತಿಲ್ಲ. ಆಗೊಮ್ಮೆ ಈಗೊಮ್ಮೆ ಮಂಗಗಳ ಹಿಂಡು, ಅಪರೂಪಕ್ಕೆ ಕರಿಮೊಗದ ಮುಸುವಗಳು ಮಾಳಿಗೆಯಿಂದ ಮಾಳಿಗೆಗೆ ಹಾರುತ್ತ ಹೋಗುತ್ತವೆ. ಇವುಗಳನ್ನು ನೋಡುವುದರಲ್ಲಿ ನನಗಿರುವ ಸಂತೋಷ ಯಾರಿಗಿಂತಲೂ ಕಡಿಮೆಯದಲ್ಲ.

ಪ್ರಾಣಿಗಳಿಗೆ ಅನ್ನವಿಕ್ಕುವುದು ನಮ್ಮ ಸಂಸ್ಕೃತಿಯಲ್ಲವೇ ಎಂದು ನೀವು ಕೇಳಬಹುದು. ನಿಜ. ಮೊದಲ ರೊಟ್ಟಿ ಆಕಳಿಗೆ, ಒಂದು ತುತ್ತು ಕಾಗೆಗೆ, ರಾಶಿಯ ಕಾಲದಲ್ಲಿ ಕಣದ ಅಂಚಿನ ಕಾಳು ಗುಬ್ಬಿಗೆ ಎಂಬ ಮನೆಗಳಲ್ಲೇ ನಾವೆಲ್ಲ ಬೆಳೆದವರು. ಆದರೆ ಆ ಹಿರಿಯರು ಕೊಡುತ್ತಿದ್ದ ರೀತಿಯನ್ನು ಗಮನಿಸಿ. ಆಕಳು ಮನೆಯ ಪ್ರಾಣಿ. ಅದಕ್ಕೆ ಕೈಯಾರೆ ಉಣಿಸಿದರು. ಕಾಗೆಗೆ ತುತ್ತನ್ನಿಟ್ಟು ದೂರ ಸರಿದು ನಿಂತರು. ಪಂಚಮಿಯ ದಿನ ನಾಗಪ್ಪನಿಗೆ ಹಾಲೆರೆಯುವಾಗಲೂ ಮಣ್ಣಿನ ಮೂರ್ತಿಗೆ ಎರೆದರೇ ಹೊರತು ಹುತ್ತದೊಳಗಿನ ಜೀವಂತ ಹಾವನ್ನು ಹೊರಗೆಳೆದು ಕುಡಿಸಲು ಹೋಗಲಿಲ್ಲ. ಹಾವು ಹಾಲು ಕುಡಿಯುವ ಪ್ರಾಣಿಯಲ್ಲವೆಂಬುದು ವಿಜ್ಞಾನದ ಮಾತು. ಅದಕ್ಕೆ ದೂರದಿಂದಲೇ ಕೈಮುಗಿಯಬೇಕೆಂಬುದು ಅನುಭವದ ಮಾತು. ದಯೆಯೊಡನೆ ಅಂತರವೂ ಇರಬೇಕೆಂಬ ಈ ವಿವೇಕವನ್ನೇ ನಾವೀಗ ಮರೆಯುತ್ತಿದ್ದೇವೆ.

ಬಿ.ಎಡ್. ತರಗತಿಯಲ್ಲಿ ನಮಗೆ ಶೈಕ್ಷಣಿಕ ಮನೋವಿಜ್ಞಾನ ಒಂದು ಪ್ರಮುಖ ವಿಷಯವಾಗಿತ್ತು. ಅಮೆರಿಕದ ಥಾರ್ನ್‌ಡೈಕ್ 1898ರಲ್ಲಿ ಪೆಟ್ಟಿಗೆಯಲ್ಲಿ ಬೆಕ್ಕುಗಳನ್ನಿಟ್ಟು ನಡೆಸಿದ ಪ್ರಯೋಗಗಳನ್ನು ನಾವು ಓದಿದೆವು. ಚಿಲಕ ತೆರೆದು ಹೊರಬಂದರೆ ಆಹಾರ ಸಿಗುವುದೆಂದು ಅರಿತ ಬೆಕ್ಕು ಪ್ರತಿಸಲವೂ ಮೊದಲಿಗಿಂತ ಬೇಗ ಚಿಲಕ ತೆರೆಯುತ್ತಿತ್ತು. ತೃಪ್ತಿ ನೀಡಿದ ವರ್ತನೆ ಬೇರೂರುತ್ತದೆ ಎಂಬ ‘ಪರಿಣಾಮ ನಿಯಮ’ ಹುಟ್ಟಿದ್ದು ಹೀಗೆ. ಮುಂದೆ ಸ್ಕಿನ್ನರ್ ಇಲಿ, ಪಾರಿವಾಳಗಳ ಮೇಲೆ ಪ್ರಯೋಗ ನಡೆಸಿ ಇನ್ನೊಂದು ಸಂಗತಿಯನ್ನು ತೋರಿಸಿದರು. ಪ್ರತಿಬಾರಿಯೂ ಬಹುಮಾನ ದೊರೆತು ಕಲಿತ ವರ್ತನೆ, ಬಹುಮಾನ ನಿಂತೊಡನೆ ಬೇಗ ಅಳಿಯುತ್ತದೆ. ಒಮ್ಮೆ ದೊರೆತು ಒಮ್ಮೆ ದೊರೆಯದೆ ಬಿಟ್ಟುಬಿಟ್ಟು ಬರುವ ಪುನರ್ಬಲನದಿಂದ ಕಲಿತದ್ದು ಬಹುಕಾಲ ಉಳಿಯುತ್ತದೆ.

ಇದನ್ನು ನಮ್ಮ ಓಣಿಗೆ ಅನ್ವಯಿಸಿ ನೋಡಿ. ಒಂದು ಮನೆಯವರು ಮಂಗಕ್ಕೆ ಬಾಳೆಹಣ್ಣು ಕೊಡುತ್ತಾರೆ. ಪಕ್ಕದ ಮನೆಯವರು ಕೋಲು ಹಿಡಿದು ಅಟ್ಟುತ್ತಾರೆ. ಶನಿವಾರ ಕೊಡುತ್ತಾರೆ, ಸೋಮವಾರ ಬೈಯುತ್ತಾರೆ. ಅಜ್ಜಿ ಕರೆಯುತ್ತಾರೆ, ಸೊಸೆ ಬಾಗಿಲು ಹಾಕುತ್ತಾಳೆ. ಎಂದೂ ಮರೆಯದಂತೆ ಪಾಠ ಕಲಿಸಲು ಇದಕ್ಕಿಂತ ಸಮರ್ಥವಾದ ವಿಧಾನವನ್ನು ಯಾವ ಶಿಕ್ಷಣ ತಜ್ಞನೂ ರೂಪಿಸಲಾರ! ‘ಮನುಷ್ಯನ ಕೈಯಲ್ಲಿ ಆಹಾರವಿದೆ; ಇಂದು ಸಿಗದಿದ್ದರೆ ನಾಳೆ ಸಿಕ್ಕೀತು; ಕೊಡದಿದ್ದರೆ ಕಸಿದುಕೊಳ್ಳಬೇಕು’ ಎಂಬುದೇ ಆ ಪಾಠ. ನಮ್ಮ ಭಾಗದ ಈ ಮಂಗಗಳಲ್ಲಿ ಹೆಣ್ಣುಗಳು ಹುಟ್ಟಿದ ಹಿಂಡಿನಲ್ಲಿಯೇ ಬಾಳುತ್ತವೆ. ಆದುದರಿಂದ ತಾಯಿ ಕಲಿತದ್ದನ್ನು ಮರಿ ನೋಡಿ ಕಲಿಯುತ್ತದೆ. ಒಂದು ತಲೆಮಾರಿಗೆ ಹೇಳಿಕೊಟ್ಟದ್ದು ಮುಂದಿನ ತಲೆಮಾರಿಗೂ ಸಲ್ಲುತ್ತದೆ. ಬಾದಾಮಿಯ ಗುಹೆಗಳ ಬಳಿ ಪ್ರವಾಸಿಗರ ಚೀಲಕ್ಕೆ ಕೈಹಾಕುವ ಮಂಗಗಳನ್ನು ಶಾಲೆಯ ಪ್ರವಾಸದಲ್ಲಿ ನೀವೂ ಕಂಡಿದ್ದೀರಿ. ಅವು ಹುಟ್ಟಾ ಕಳ್ಳರಲ್ಲ. ಬಂದವರೆಲ್ಲರೂ ಸೇರಿ ಕಲಿಸಿದ ಜಾಣ ವಿದ್ಯಾರ್ಥಿಗಳು.

ಈ ಪಾಠದ ಫಲವನ್ನು ಉಣ್ಣುವವರು ಯಾರು? ನಮ್ಮ ಸಮೀಪದ ಓಣಿಯೊಂದರಲ್ಲಿ ಕೆಲವು ವರ್ಷಗಳ ಹಿಂದೆ ನಡೆದ ಸಂಗತಿಯಿದು. ಮಕ್ಕಳೆಲ್ಲ ದೂರದೇಶದಲ್ಲಿದ್ದ ವೃದ್ಧ ದಂಪತಿ ಪ್ರತಿ ಶನಿವಾರ ಹನುಮಪ್ಪನ ಹೆಸರಿನಲ್ಲಿ ಮಂಗಗಳಿಗೆ ಶೇಂಗಾ, ಬಾಳೆಹಣ್ಣು ಕೊಡುತ್ತಿದ್ದರು. ಅದರ ಚಿತ್ರ ತೆಗೆದು ಮೊಮ್ಮಕ್ಕಳಿಗೆ ಕಳುಹಿಸುವುದು ಅವರ ವಾರದ ಸಂಭ್ರಮವಾಗಿತ್ತು. ಮುಪ್ಪಿನ ಏಕಾಂತವನ್ನು ಬಲ್ಲ ನಾನು ಅವರನ್ನು ಹಳಿಯಲಾರೆ. ಆದರೆ ಹಿಂಡಿಗೆ ಶನಿವಾರ, ರವಿವಾರಗಳ ಭೇದವಿರಲಿಲ್ಲ. ಕೆಲವೇ ತಿಂಗಳಲ್ಲಿ ಅವು ಅಡುಗೆಮನೆಗಳಿಗೆ ನುಗ್ಗತೊಡಗಿದವು. ಒಂದು ದಿನ ಶಾಲೆಗೆ ಹೊರಟ ಬಾಲಕಿಯ ಊಟದ ಚೀಲವನ್ನು ಮಂಗವೊಂದು ಹಿಡಿದೆಳೆಯಿತು, ಆಕೆ ಬಿಡಲಿಲ್ಲ, ಕೈಗೆ ಕಚ್ಚಿತು. ಚುಚ್ಚುಮದ್ದು, ಕಣ್ಣೀರು, ಮನೆಮನೆಗಳ ನಡುವೆ ಜಗಳ ಎಲ್ಲವೂ ಆದವು. ಕೊನೆಗೆ ಓಣಿಯವರು ಹಣ ಕೂಡಿಸಿ ಬೋನು ತರಿಸಿದರು. ಬೋನಿನೊಳಗೆ ಇಟ್ಟದ್ದೂ ಬಾಳೆಹಣ್ಣನ್ನೇ. ಮನುಷ್ಯರು ಕೊಟ್ಟ ಬಾಳೆಹಣ್ಣನ್ನು ನಂಬಬಹುದೆಂದು ಕಲಿತಿದ್ದ ಪ್ರಾಣಿಗಳು ಒಂದೊಂದಾಗಿ ಒಳಗೆ ಹೋದವು. ಅವುಗಳನ್ನು ಯಾವುದೋ ಅಡವಿಗೆ ಬಿಟ್ಟು ಬಂದರೆಂದು ಕೇಳಿದೆ. ಗುರುತಿಲ್ಲದ ಅಡವಿಯಲ್ಲಿ ನೀರೆಲ್ಲಿ, ಹಣ್ಣಿನ ಮರವೆಲ್ಲಿ ಎಂದು ಅವಕ್ಕೆ ತೋರಿಸುವವರು ಯಾರು? ಅಲ್ಲಿ ಮೊದಲೇ ನೆಲೆಸಿರುವ ಹಿಂಡುಗಳು ಸುಮ್ಮನಿರುತ್ತವೆಯೇ? ನಮ್ಮ ಕರುಣೆಯ ಕೊನೆ ಬೋನಿನಲ್ಲಾಯಿತು. ಕಲಿಸಿದವರು ನಾವು, ಶಿಕ್ಷೆ ಕಲಿತವರಿಗೆ!

ಎಲ್ಲೆಂದರಲ್ಲಿ ಕಾಣುವ ಈ ಮಂಗಗಳಿಗೆ ಏನಾಗಿದೆ ಎಂದು ಉದಾಸೀನ ಮಾಡುವಂತೆಯೂ ಇಲ್ಲ. ದಕ್ಷಿಣ ಭಾರತವನ್ನು ಬಿಟ್ಟು ಜಗತ್ತಿನಲ್ಲಿ ಬೇರೆಲ್ಲಿಯೂ ಇವುಗಳ ಸಹಜ ನೆಲೆಯಿಲ್ಲ. ಅಂತರರಾಷ್ಟ್ರೀಯ ಸಂಸ್ಥೆಯಾದ ಐಯುಸಿಎನ್ ಇವನ್ನು ಅಪಾಯಕ್ಕೆ ಈಡಾಗಬಹುದಾದ ಪ್ರಭೇದಗಳ ಪಟ್ಟಿಯಲ್ಲಿ ಸೇರಿಸಿದೆ. ಇನ್ನು ಮುಸುವ ಮುಖ್ಯವಾಗಿ ಎಲೆ ತಿನ್ನುವ ಪ್ರಾಣಿ. ಆಕಳ ಹೊಟ್ಟೆಯಂತೆ ಅದರ ಜಠರದಲ್ಲಿಯೂ ಹಲವು ಕೋಣೆಗಳಿದ್ದು, ಅಲ್ಲಿನ ಸೂಕ್ಷ್ಮಜೀವಿಗಳು ಎಲೆಯನ್ನು ಹುದುಗಿಸಿ ಜೀರ್ಣಕ್ಕೆ ನೆರವಾಗುತ್ತವೆ. ಬಿಸ್ಕೀಟು, ಬ್ರೆಡ್ಡು, ಸಿಹಿತಿನಿಸುಗಳು ಈ ವ್ಯವಸ್ಥೆಯನ್ನೇ ಕೆಡಿಸಬಲ್ಲವು. ನಾವು ಪ್ರೀತಿಯಿಂದ ಕೊಟ್ಟೆವೆಂದ ಮಾತ್ರಕ್ಕೆ ಅದರ ಹೊಟ್ಟೆ ನಮ್ಮ ಹೊಟ್ಟೆಯಾಗದು.

ಈಗ ಚಿತ್ರದ ವಿಷಯ. ಛಾಯಾಗ್ರಹಣಕ್ಕೆ ನಾನು ವಿರೋಧಿಯಲ್ಲ. ರಾಜ್ಯದ ಹಣಕಾಸು ಸಚಿವರಾಗಿದ್ದ ಸಂಡೂರಿನ ಎಂ. ವೈ. ಘೋರ್ಪಡೆಯವರು ವನ್ಯಜೀವಿ ಛಾಯಾಗ್ರಾಹಕರೆಂದೂ ಹೆಸರಾಗಿದ್ದರು. ಮೂಡಿಗೆರೆಯಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಯವರು ಹಕ್ಕಿಗಳ ಚಿತ್ರ ತೆಗೆದು, ಅವುಗಳ ಬಗ್ಗೆ ಬರೆದು ಎಷ್ಟೋ ಕನ್ನಡಿಗರ ಕಣ್ಣು ತೆರೆಸಿದರು. ಅಂದು ಒಂದು ರೀಲಿನಲ್ಲಿ 36 ಚಿತ್ರಗಳು. ಮುಗಿದರೆ ಮತ್ತೆ ಹಣ. ಹೀಗಾಗಿ ಕ್ಯಾಮೆರಾ ಹಿಡಿದವನು ಕಾಯುವುದನ್ನು ಕಲಿಯಲೇಬೇಕಿತ್ತು. ಇಂದು ಚಿತ್ರಕ್ಕೆ ಬೆಲೆಯಿಲ್ಲ, ಕಾಯಲು ವ್ಯವಧಾನವಿಲ್ಲ. ಆದ್ದರಿಂದ ಪ್ರಾಣಿಯನ್ನೇ ತಿನಿಸು ತೋರಿಸಿ ಹತ್ತಿರ ಕರೆಯುತ್ತೇವೆ. ಮಂಗಗಳ ಲೋಕದಲ್ಲಿ ದಿಟ್ಟಿಸಿ ನೋಡುವುದು ಬೆದರಿಕೆಯ ಸಂಜ್ಞೆ. ಒಂದು ಕೈಯಲ್ಲಿ ಹಣ್ಣು ನೀಡಿ, ಮತ್ತೊಂದು ಕೈಯಲ್ಲಿ ಕ್ಯಾಮೆರಾ ಹಿಡಿದು ದಿಟ್ಟಿಸುತ್ತ ನಿಂತವನನ್ನು ಅದು ಮಿತ್ರನೆಂದು ತಿಳಿಯಬೇಕೇ, ಶತ್ರುವೆಂದು ತಿಳಿಯಬೇಕೇ?

2025ರ ಆಗಸ್ಟ್ ತಿಂಗಳಲ್ಲಿ ಬಂಡೀಪುರದ ಹೆದ್ದಾರಿಯಲ್ಲಿ ಕಾಡಾನೆಯ ಸಮೀಪ ಚಿತ್ರ ತೆಗೆಯಲು ಹೋದ ವ್ಯಕ್ತಿಯೊಬ್ಬರನ್ನು ಆನೆ ಅಟ್ಟಿಸಿಕೊಂಡು ಬಂದು ಕೆಡವಿದ ದೃಶ್ಯವನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಪುಣ್ಯವಶಾತ್ ಪ್ರಾಣ ಉಳಿಯಿತು. ಅರಣ್ಯ ಇಲಾಖೆ 25,000 ರೂಪಾಯಿ ದಂಡ ವಿಧಿಸಿತು. ಹಿತ್ತಲಿಗೂ ಬಂಡೀಪುರಕ್ಕೂ ಬಹಳ ಅಂತರವಿದೆಯೆಂಬುದನ್ನು ಬಲ್ಲೆ. ಆದರೆ ಮನೋಭಾವ ಒಂದೇ. ಪ್ರಾಣಿ ಇರುವುದು ನಮ್ಮ ಚಿತ್ರಕ್ಕಾಗಿ ಎಂಬ ಭಾವನೆಯದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ‘ಬೇಟೆ’ ಎಂಬ ಪದವನ್ನು ವಿವರಿಸುವಾಗ ಕೊಲ್ಲುವುದನ್ನಷ್ಟೇ ಅಲ್ಲದೆ ಬಲೆಯೊಡ್ಡುವುದನ್ನೂ ಆಮಿಷ ಒಡ್ಡುವುದನ್ನೂ ಸೇರಿಸಿದೆ. ಹಣ್ಣು ಕೊಟ್ಟವರೆಲ್ಲ ಬೇಟೆಗಾರರೆಂದು ನಾನು ಹೇಳುತ್ತಿಲ್ಲ. ಆಮಿಷವೆಂಬುದು ಬೇಟೆಯ ಮೊದಲ ಮೆಟ್ಟಿಲೆಂಬುದನ್ನು ಕಾಯಿದೆ ಬರೆದವರು ಅರಿತಿದ್ದರು ಎಂದಷ್ಟೇ ನನ್ನ ಮಾತು.

ಹಂಪಿಗೆ ಸಮೀಪದ ದರೋಜಿ ಕರಡಿಧಾಮದ ಉದಾಹರಣೆಯನ್ನು ನೀವು ಮುಂದಿಡಬಹುದು. ಅಲ್ಲಿ ಬಂಡೆಗಳ ಮೇಲೆ ಬೆಲ್ಲದಂಥ ಸಿಹಿಯನ್ನು ಬಳಿದು, ಸಂಜೆ ಅದನ್ನು ನೆಕ್ಕಲು ಬರುವ ಕರಡಿಗಳನ್ನು ಪ್ರವಾಸಿಗರಿಗೆ ತೋರಿಸುವ ಪದ್ಧತಿ ಬಹಳ ವರ್ಷಗಳಿಂದ ಬಂದದ್ದು ನಿಜ. ಆ ಪದ್ಧತಿಯ ಬಗೆಗೂ ನನಗೆ ಪೂರ್ಣ ಸಮಾಧಾನವಿಲ್ಲ. ಆದರೂ ಒಂದು ವ್ಯತ್ಯಾಸವನ್ನು ಮರೆಯಬಾರದು. ಅಲ್ಲಿ ನೋಡುವವರು ದೂರದ ಗೋಪುರದ ಮೇಲಿರುತ್ತಾರೆ. ಕರಡಿಗೆ ಸಿಹಿ ದೊರೆಯುವುದು ಬಂಡೆಯಿಂದ, ಮನುಷ್ಯನ ಕೈಯಿಂದಲ್ಲ. ನಮ್ಮ ಕಂಪೌಂಡಿನಲ್ಲಿ ಆ ಅಂತರವಾಗಲಿ ಕಾವಲುಗಾರನಾಗಲಿ ಇಲ್ಲ.

ಇನ್ನು ಉಳಿಯುವುದು ಒಂದು ಗಂಭೀರವಾದ ಆಕ್ಷೇಪ. ‘ಅವುಗಳ ಮರಗಳನ್ನು ಕಡಿದವರು ನಾವು, ಈಗ ಒಂದು ಹಣ್ಣನ್ನೂ ಕೊಡಬೇಡವೆಂದರೆ ಕ್ರೌರ್ಯವಲ್ಲವೇ?’ ಎಂಬುದದು. ಈ ಪ್ರಶ್ನೆಗೆ ನಾನು ತಲೆಬಾಗುತ್ತೇನೆ. ಹುಬ್ಬಳ್ಳಿ–ಧಾರವಾಡ ನಡುವಿನ ಬಿಆರ್‌ಟಿಎಸ್ ರಸ್ತೆಗಾಗಿ ಮರಗಳು ಉರುಳಿದ್ದನ್ನು ನಾವೆಲ್ಲ ಕಣ್ಣಾರೆ ಕಂಡಿದ್ದೇವೆ. ನಮ್ಮ ಮೇಲೆ ಋಣವಿದೆ. ಆದರೆ ಮರದ ರೂಪದಲ್ಲಿ ಮಾಡಿದ ಸಾಲವನ್ನು ಬಿಸ್ಕೀಟಿನ ರೂಪದಲ್ಲಿ ತೀರಿಸಲಾಗದು. ಮರದ ರೂಪದಲ್ಲಿಯೇ ತೀರಿಸಬೇಕು. ಅತ್ತಿ, ಬಸರಿ, ನೇರಳೆ, ಬೇವು, ಹುಣಸೆಗಳು ಹಕ್ಕಿಗೂ ಅಳಿಲಿಗೂ ಮಂಗಕ್ಕೂ ಉಣಬಡಿಸಬಲ್ಲವು. ಮರದಲ್ಲಿ ಹುಡುಕಿ ತಿಂದ ಪ್ರಾಣಿ ಮನುಷ್ಯನ ಕೈ ನೋಡುತ್ತ ಕೂರುವುದಿಲ್ಲ. ಮನೆಯ ಅಡಿಪಾಯದ ಪಕ್ಕದಲ್ಲಿ ಅತ್ತಿ, ಬಸರಿ ಬೇಡ. ಅವುಗಳ ಬೇರು ಗೋಡೆ ಸೀಳುತ್ತದೆ. ಶಾಲೆಯ ಮೈದಾನದ ಅಂಚು, ಕೆರೆಯ ದಂಡೆ, ಹೊಲದ ಬದುಗಳಿಗೆ ಅವು ಸರಿ. ಹಿತ್ತಲಿಗೆ ಪೇರಲ, ದಾಸವಾಳ, ಕರಿಬೇವುಗಳೇ ಸಾಕು.

ಬೇಸಿಗೆಯಲ್ಲಿ ನೀರಿಡಿ, ಅದಕ್ಕೆ ನನ್ನ ಪೂರ್ಣ ಸಮ್ಮತಿಯಿದೆ. ಅಗಲವಾದ, ಆಳವಿಲ್ಲದ ಮಣ್ಣಿನ ಬಟ್ಟಲನ್ನು ನೆರಳಿನಲ್ಲಿಟ್ಟು, ಪ್ರತಿದಿನ ತಿಕ್ಕಿ ತೊಳೆದು ನೀರು ಬದಲಿಸಿರಿ. ತೊಳೆಯುವ ಮಾತನ್ನು ಒತ್ತಿ ಹೇಳಲು ಕಾರಣವಿದೆ. ಇಂಗ್ಲೆಂಡಿನಲ್ಲಿ ಹಿತ್ತಲಿನ ಹಕ್ಕಿಗಳಿಗೆ ಕಾಳು, ನೀರು ಇಡುವುದು ಮನೆಮನೆಯ ಹವ್ಯಾಸ. ಅಲ್ಲಿ 2005ರಿಂದೀಚೆಗೆ ಗ್ರೀನ್‌ಫಿಂಚ್ ಎಂಬ ಹಕ್ಕಿಗಳಿಗೆ ಗಂಟಲಿನ ರೋಗವೊಂದು ತಗುಲಿ ಅವುಗಳ ಸಂತತಿ ತೀವ್ರವಾಗಿ ಕುಸಿಯಿತು. ಹಕ್ಕಿಗಳು ಒಂದೇ ಕಡೆ ಗುಂಪುಗೂಡಿ ತಿನ್ನುವ, ಕುಡಿಯುವ ತಾಣಗಳು ಆ ರೋಗ ಹರಡಲು ನೆರವಾದವು. ಸದುದ್ದೇಶದ ಬಟ್ಟಲೂ ಶುಚಿಯಿಲ್ಲದಿದ್ದರೆ ವಿಷದ ಬಟ್ಟಲಾದೀತು.

ಚಿತ್ರ ತೆಗೆಯುವವರು ಕಿಟಕಿಯ ಒಳಗಿನಿಂದಲೇ, ಪ್ರಾಣಿ ತನ್ನ ಪಾಡಿಗೆ ತಾನಿರುವಾಗ ತೆಗೆಯಿರಿ. ಗೂಡಿನ ಹತ್ತಿರ ಹೋಗಬೇಡಿ. ರಾತ್ರಿ ಪ್ರಾಣಿಯ ಕಣ್ಣಿಗೆ ಫ್ಲ್ಯಾಶ್ ಹೊಡೆಯಬೇಡಿ. ಕಸದ ಡಬ್ಬಿಗೆ ಮುಚ್ಚಳವಿರಲಿ. ಮಂಗ ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ತಡಮಾಡದೆ ವೈದ್ಯರ ಬಳಿ ಹೋಗಿರಿ; ರೇಬೀಸ್ ನಾಯಿಯಿಂದ ಮಾತ್ರ ಬರುವುದಲ್ಲ. ಇದೆಲ್ಲಕ್ಕೂ ಮಿಗಿಲಾಗಿ, ಓಣಿಯವರೆಲ್ಲ ಕುಳಿತು ಒಂದು ತೀರ್ಮಾನಕ್ಕೆ ಬನ್ನಿರಿ. ಹತ್ತು ಮನೆಯವರು ನಿಲ್ಲಿಸಿ ಒಬ್ಬರು ಮುಂದುವರಿಸಿದರೆ ಅದು ಸ್ಕಿನ್ನರ್ ಹೇಳಿದ ಬಿಟ್ಟುಬಿಟ್ಟು ಬರುವ ಪುನರ್ಬಲನವೇ ಆದೀತು.

ದೂರದ ಊರುಗಳಲ್ಲಿರುವ ನನ್ನ ಮಕ್ಕಳಂಥ ವಿದ್ಯಾರ್ಥಿಗಳಿಗೆ ಕೊನೆಯದಾಗಿ ಒಂದು ಮಾತು. ನಿಮ್ಮ ತಂದೆತಾಯಿಗಳು ಮಂಗಕ್ಕೆ ಬಾಳೆಹಣ್ಣು ಕೊಟ್ಟು ಚಿತ್ರ ಕಳುಹಿಸಿದರೆ ಅವರನ್ನು ಗದರಬೇಡಿರಿ. ನೀವು ವಾರಕ್ಕೊಮ್ಮೆ ಮಾತನಾಡುವ ಬದಲು ಎರಡು ಬಾರಿ ಮಾತನಾಡಿರಿ. ಊರಿಗೆ ಬಂದಾಗ ಅವರ ಕೈಯಿಂದಲೇ ಒಂದು ಸಸಿ ನೆಡಿಸಿರಿ. ಅದರಲ್ಲಿ ಮೊದಲ ಹಣ್ಣು ಬಿಟ್ಟ ವರ್ಷ ಯಾವ ಯಾವ ಹಕ್ಕಿ ಬಂದವೆಂದು ಮೊಮ್ಮಕ್ಕಳಿಗೆ ಹೇಳಲು ಅವರಲ್ಲಿ ಬೇಕಾದಷ್ಟು ಮಾತುಗಳಿರುತ್ತವೆ.